ಉಪ್ಪು ಮರಳಿನಲ್ಲಿ ಕಳೆದ ಕರಿಮಣಿ



ಕತಾರಿನಲ್ಲಿ ಚಳಿಗಾಲ ಬಂತೆಂದರೆ ನಮ್ಮಂಥ ಅನಿವಾಸಿ ಕನ್ನಡಿಗರಿಗೆ ಹಬ್ಬವಿದ್ದಂತೆ. ಬೇಸಿಗೆಯುದ್ದಕ್ಕೂ ಏಸಿ ಕೋಣೆಯಲ್ಲಿ ಮುದುಡಿ ಕೂತವರು ಶುಕ್ರವಾರ ಬೆಳಗಾಗುವುದೇ ತಡ, ಪುಳಿಯೋಗರೆ, ಮೊಸರನ್ನ, ಚಾಪೆ, ಕ್ರಿಕೆಟ್ ಬ್ಯಾಟು, ಮಕ್ಕಳು ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಸಮುದ್ರದ ಕಡೆ ಹೊರಡುತ್ತೇವೆ. ಅಂಥದೇ ಒಂದು ಶುಕ್ರವಾರ ನಾಲ್ಕು ಮನೆಯವರು ಸೇರಿ ಮೆಸಯೀದ್ ಆಚೆಗಿನ ಸೀಲೈನ್ ತೀರಕ್ಕೆ ಹೋಗಿದ್ದೆವು. ಊಟ ಆಯಿತು, ಆಟ ಆಯಿತು, ಹೆಂಗಸರು ಮಕ್ಕಳೆಲ್ಲ ನೀರಿನಂಚಿನಲ್ಲಿ ಮರಳಿನ ಗೋಪುರ ಕಟ್ಟಿದ್ದೂ ಆಯಿತು. ಸಂಜೆ ಚಾಪೆ ಮಡಿಸುವ ಹೊತ್ತಿಗೆ ಗೆಳೆಯನ ಹೆಂಡತಿ, ನಾವೆಲ್ಲ ಅತ್ತಿಗೆ ಎಂದು ಕರೆಯುವವರು, ಕುತ್ತಿಗೆಗೆ ಕೈ ಹಾಕಿಕೊಂಡು ನಿಂತುಬಿಟ್ಟರು. ಕರಿಮಣಿ ಇರಲಿಲ್ಲ!

ಅಡುಗೆ ಪಾತ್ರೆಯ ಜೊತೆ ತಂದಿದ್ದ ಜರಡಿ, ಮಕ್ಕಳ ಪ್ಲಾಸ್ಟಿಕ್ ಸಲಿಕೆ, ಬರಿಗೈ, ಸಿಕ್ಕಿದ್ದರಲ್ಲೆಲ್ಲ ಮರಳು ಜಾಲಾಡಿದೆವು. ಕತ್ತಲಾಯಿತು, ನೀರೂ ಏರತೊಡಗಿತು. ಅತ್ತಿಗೆ ಅಳಲಿಲ್ಲ, ಆದರೆ ಮಾತೂ ಆಡಲಿಲ್ಲ. ಆ ತಾಳಿ ಅವರ ಅತ್ತೆಯದಂತೆ; ಮದುವೆಯಲ್ಲಿ ಅದನ್ನೇ ಕಟ್ಟಿದ್ದು. ಗೆಳೆಯ ಮೆಲ್ಲಗೆ ನನ್ನ ಹತ್ತಿರ ಬಂದು, "ನಿನ್ನ ಆಫೀಸಿನ ಇಂಗ್ಲಿಷಿನವನ ಹತ್ರ ಅದೇನೋ ಮೆಷಿನ್ ಇದೆ ಅಂದಿದ್ದೆಯಲ್ಲ ಮಾರಾಯ?" ಎಂದ.

ಇದೆ, ಮೆಟಲ್ ಡಿಟೆಕ್ಟರ್. ಕನ್ನಡದಲ್ಲಿ ಲೋಹಶೋಧಕ ಎನ್ನೋಣ. ಇಂಗ್ಲೆಂಡಿನಲ್ಲಿ ಹೊಲಗದ್ದೆಗಳಲ್ಲಿ ಹಳೆಯ ನಾಣ್ಯ ಹುಡುಕುವುದು ಒಂದು ಹವ್ಯಾಸ. ಅಲ್ಲಿನ ಸ್ಟಾಫರ್ಡ್‌ಶೈರ್‌ನಲ್ಲಿ 2009ರಲ್ಲಿ ಒಬ್ಬ ಹವ್ಯಾಸಿಗೆ ಆಂಗ್ಲೋ ಸ್ಯಾಕ್ಸನ್ ಕಾಲದ ಚಿನ್ನದ ದೊಡ್ಡ ರಾಶಿಯೇ ಸಿಕ್ಕಿತ್ತು. ನನ್ನ ಸಹೋದ್ಯೋಗಿಗೆ ಅಂಥ ಅದೃಷ್ಟ ಇನ್ನೂ ಬಂದಿಲ್ಲ, ಆದರೆ ಯಂತ್ರ ಮಾತ್ರ ಒಳ್ಳೆಯದಿದೆ: ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 800. ರಾತ್ರಿಯೇ ಅವನ ಮನೆಗೆ ಹೋಗಿ ಇಸಿದುಕೊಂಡೆ. ಮಾರನೆಯ ದಿನ ಶನಿವಾರ, ರಜೆ. ತೀರ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಕಳೆದ ವಸ್ತು ಹುಡುಕಲು ಅನುಮತಿ ಪಡೆದು, ಬೆಳಗಿನ ಇಳಿತದ ಹೊತ್ತಿಗೆ ಸರಿಯಾಗಿ ನಾನೂ ಗೆಳೆಯನೂ ಹಾಜರಾದೆವು.

ನಾನು ಓದಿದ್ದು ಇಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡುತ್ತಿರುವುದು ಸಾಫ್ಟ್‌ವೇರ್. ಹಾಗಾಗಿ ಎರಡರಲ್ಲೂ ಅರ್ಧಂಬರ್ಧ! ಆದರೂ ಗತ್ತಿಗೇನೂ ಕಡಿಮೆಯಿರಲಿಲ್ಲ. ಆ ಯಂತ್ರದಲ್ಲಿ 5, 10, 15, 20, 40 ಕಿಲೋಹರ್ಟ್ಸ್ ಎಂದು ಐದು ಫ್ರೀಕ್ವೆನ್ಸಿಗಳಿವೆ. ಹಲವನ್ನು ಒಟ್ಟಿಗೆ ಬಳಸುವ 'ಮಲ್ಟಿ' ಎಂಬ ಇನ್ನೊಂದು ಆಯ್ಕೆಯೂ ಇದೆ. "ತೆಳು ಚಿನ್ನಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ" ಎಂದು ಎಲ್ಲೋ ಓದಿದ್ದು ನೆನಪಿತ್ತು. ಸೀದಾ 40ಕ್ಕೆ ಇಟ್ಟೆ. ಒದ್ದೆ ಮರಳಿನ ಮೇಲೆ ಆಡಿಸಿದ್ದೇ ತಡ, ಯಂತ್ರ ದೆವ್ವ ಹಿಡಿದವರಂತೆ ಕಿರುಚತೊಡಗಿತು. ಅಲ್ಲೂ ಚಿನ್ನ, ಇಲ್ಲೂ ಚಿನ್ನ, ಇಡೀ ತೀರವೇ ಚಿನ್ನ! ಗೆಳೆಯ ಎರಡು ಕಡೆ ಅಗೆದ. ಬರೀ ನೀರು.

ಗಾಬರಿಯಾಗಿ 5ಕ್ಕೆ ಇಳಿಸಿದೆ. ಯಂತ್ರ ಸುಮ್ಮನಾಯಿತು. ಇನ್ನೇನು ಗೆದ್ದೆ ಎಂದುಕೊಂಡು ಅರ್ಧ ಗಂಟೆ ಉದ್ದಕ್ಕೆ ನಡೆದೆ. ಸಿಕ್ಕಿದ್ದು ಸೋಡಾ ಮುಚ್ಚಳಗಳು ಮತ್ತು ಒಂದು ಕಬ್ಬಿಣದ ಗೂಟ. ಆಗ ಒಂದು ಅನುಮಾನ ಬಂತು: ಈ ಮೌನ ಒಳ್ಳೆಯದೋ, ಕಿವುಡೋ?

ಪರೀಕ್ಷೆ ಮಾಡದೆ ಪ್ರೋಗ್ರಾಮ್ ಬಿಡುಗಡೆ ಮಾಡಬಾರದು ಎಂದು ಆಫೀಸಿನಲ್ಲಿ ಜೂನಿಯರ್ ಹುಡುಗರಿಗೆ ದಿನಾ ಹೇಳುವವನು ನಾನು. ಇಲ್ಲಿ ಅದನ್ನೇ ಮರೆತಿದ್ದೆ. ಮನೆಗೆ ಫೋನ್ ಮಾಡಿ ನನ್ನ ಹೆಂಡತಿಯ ಕರಿಮಣಿಯನ್ನು ತರಲು ಹೇಳಿದೆ. (ಅದು ನನ್ನ ಕೈಗೆ ಸಿಗುವ ಮುಂಚೆ ನಡೆದ ಮಾತುಕತೆ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ!) ಒಂದು ದಾರ ಕಟ್ಟಿ, ದಾರದ ತುದಿ ಗೆಳೆಯನ ಕೈಗೆ ಕೊಟ್ಟು, ಮೊದಲು ಮೇಲಿನ ಒಣ ಮರಳಿನಲ್ಲಿ ಇಟ್ಟು ನೋಡಿದೆವು. 5ರಲ್ಲಿ ತಾಳಿಯ ಬಿಲ್ಲೆ ಎರಡು ಮೂರು ಬೆರಳಿನ ಅಂತರದವರೆಗೆ ಮಾತ್ರ ಕೇಳಿಸಿತು. ಸರವಂತೂ ಇಲ್ಲವೇ ಇಲ್ಲ. 40ರಲ್ಲಿ ತಾಳಿ ದೂರದಿಂದಲೇ ಸ್ಪಷ್ಟವಾಗಿ ಹಾಡಿತು, ಸರವೂ ತೀರಾ ಹತ್ತಿರ ತಂದಾಗ ಕೀಚ್ ಎಂದಿತು. ಅಂದರೆ ನಾನು ಓದಿದ್ದು ಸುಳ್ಳಲ್ಲ. ಆದರೆ ಒಣ ಮರಳಿಗೆ ನಿಜವಾದದ್ದು ಹತ್ತು ಹೆಜ್ಜೆ ಕೆಳಗಿನ ಒದ್ದೆ ಮರಳಿಗೆ ಉಪಯೋಗಕ್ಕೆ ಬರಲಿಲ್ಲ. ಏಕೆ?

ಸ್ವಲ್ಪ ಪಾಠ ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡಿಟೆಕ್ಟರಿನ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಎಷ್ಟು ಸಲ ಎನ್ನುವುದೇ ಫ್ರೀಕ್ವೆನ್ಸಿ, ಅಂದರೆ ಆವರ್ತನ. ಆಗ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ನೆಲದೊಳಗಿನ ಲೋಹವನ್ನು ಮುಟ್ಟಿದಾಗ ಲೋಹದಲ್ಲಿ ಸುಳಿಸುಳಿಯಾಗಿ ವಿದ್ಯುತ್ ಹರಿಯುತ್ತದೆ. ಆ ಸುಳಿ ತನ್ನದೇ ಸಣ್ಣ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ತಟ್ಟೆಯಲ್ಲಿರುವ ಇನ್ನೊಂದು ಸುರುಳಿ ಆ ಉತ್ತರವನ್ನು ಕೇಳಿಸಿಕೊಳ್ಳುತ್ತದೆ.

ದಪ್ಪನೆಯ ಬೆಳ್ಳಿ ರೂಪಾಯಿಯಲ್ಲಿ ಅಥವಾ ತಾಮ್ರದ ಚೊಂಬಿನಲ್ಲಿ ಈ ಸುಳಿ ಸರಾಗವಾಗಿ ತಿರುಗುತ್ತದೆ, ಬೇಗ ಸಾಯುವುದಿಲ್ಲ. ಹಾಗಾಗಿ ಮಂದಗತಿಯಲ್ಲಿ ಕೇಳಿದರೂ, ಅಂದರೆ 5 ಕಿಲೋಹರ್ಟ್ಸ್‌ನಲ್ಲಿಯೂ, ಅದು ಗಟ್ಟಿಯಾಗಿ ಉತ್ತರ ಕೊಡುತ್ತದೆ. ತೆಳುವಾದ ಚಿನ್ನದ ಕೊಂಡಿಯಲ್ಲಿ ಹಾಗಲ್ಲ. ದಾರಿ ಇಕ್ಕಟ್ಟು, ಪ್ರತಿರೋಧ ಹೆಚ್ಚು; ಸುಳಿ ಹುಟ್ಟಿದಲ್ಲೇ ಸತ್ತುಹೋಗುತ್ತದೆ. ಅದನ್ನು ಮಾತಾಡಿಸಬೇಕಾದರೆ ಕ್ಷೇತ್ರ ಬಹಳ ಬೇಗ ಬೇಗ ಬದಲಾಗಬೇಕು. ಯಕ್ಷಗಾನ ನೋಡಿದವರಿಗೆ ಹೀಗೆ ಹೇಳಬಹುದು: ದೊಡ್ಡ ಲೋಹಕ್ಕೆ ಮದ್ದಳೆ ಸಾಕು, ಸಣ್ಣದಕ್ಕೆ ಚೆಂಡೆಯೇ ಬೇಕು. ಬಂಗಾರದ ಸಣ್ಣ ಚೂರು ಹುಡುಕಲೆಂದೇ ಮಾಡಿದ ಯಂತ್ರಗಳು ಅದಕ್ಕೇ ಮೇಲಿನ ಸ್ಥಾಯಿಯಲ್ಲಿ ಕೆಲಸ ಮಾಡುತ್ತವೆ. ಫಿಷರ್ ಕಂಪನಿಯ ಗೋಲ್ಡ್ ಬಗ್ 2 ಎಂಬುದು 71 ಕಿಲೋಹರ್ಟ್ಸ್‌ನದು. ನಾಣ್ಯ ಹುಡುಕುವವರಿಗೆ ಜನಪ್ರಿಯವಾಗಿದ್ದ ಗ್ಯಾರೆಟ್ ಏಸ್ 250 ಬರೀ 6.5ರದು.

ಇನ್ನೊಂದು ಮಾತು. ಚಿನ್ನ ಒಳ್ಳೆಯ ವಾಹಕ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ನಮ್ಮ ಒಡವೆ 22 ಕ್ಯಾರಟ್. ಅದರಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಆ ಸ್ವಲ್ಪ ಬೆರಕೆಯೇ ವಾಹಕತೆಯನ್ನು ಬಹಳ ಕಡಿಮೆ ಮಾಡುತ್ತದೆ. ಮೇಲಾಗಿ ಕರಿಮಣಿ ಸರವೆಂದರೆ ಮಣಿಗೊಂದರಂತೆ ಚಿನ್ನದ ತಂತಿ ಪೋಣಿಸಿ ಕೊಂಡಿಗೆ ಕೊಂಡಿ ಸೇರಿಸಿದ್ದು. ನಮ್ಮ ಕಣ್ಣಿಗೆ ಅದು ಒಂದು ಸರ. ಯಂತ್ರದ ಕಿವಿಗೆ ನೂರಾರು ಪುಟ್ಟ ತುಣುಕುಗಳು, ಒಂದೊಂದರದೂ ಪಿಸುಮಾತು.

ಈಗ ಉಪ್ಪಿನ ವಿಷಯ. ತಾಮ್ರಕ್ಕೆ ಹೋಲಿಸಿದರೆ ಸಮುದ್ರದ ನೀರು ಕೋಟಿ ಪಟ್ಟು ಕಳಪೆ ವಾಹಕ. ಆದರೆ ತಟ್ಟೆಯ ಕೆಳಗೆ ಅದು ಚೂರಲ್ಲ, ರಾಶಿ ರಾಶಿ ಇದೆ. ಅದರಲ್ಲೂ ನಮ್ಮ ಈ ಕೊಲ್ಲಿ ಬೇರೆ ಸಮುದ್ರಗಳಿಗಿಂತ ಉಪ್ಪು: ಬಿಸಿಲಿಗೆ ನೀರು ಆವಿಯಾಗುತ್ತದೆ, ನದಿಗಳಿಂದ ಸಿಹಿನೀರು ಬರುವುದು ಕಡಿಮೆ. ಉಪ್ಪುನೀರಿನಲ್ಲೂ ಸುಳಿ ಹುಟ್ಟುತ್ತದೆ, ಹುಟ್ಟಿದಲ್ಲೇ ಸಾಯುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಹೌದು, ತೆಳು ಚಿನ್ನದ ನಡವಳಿಕೆಯೂ ಅದೇ! ಯಂತ್ರದ ಮಟ್ಟಿಗೆ ಉಪ್ಪುನೀರು ಮತ್ತು ತೆಳು ಚಿನ್ನ ಒಂದೇ ಊರಿನವರು. ಫ್ರೀಕ್ವೆನ್ಸಿ ಏರಿಸಿದರೆ ಚಿನ್ನದ ದನಿ ಏರುತ್ತದೆ, ಜೊತೆಗೆ ಉಪ್ಪಿನದೂ ಏರುತ್ತದೆ. ಇಳಿಸಿದರೆ ಉಪ್ಪು ಸುಮ್ಮನಾಗುತ್ತದೆ, ಚಿನ್ನವೂ ಸುಮ್ಮನಾಗುತ್ತದೆ. ನನ್ನ ಬೆಳಗಿನ ಎರಡೂ ತಪ್ಪುಗಳಿಗೆ ಕಾರಣ ಇದೇ. ಅತ್ತ ದರಿ, ಇತ್ತ ಪುಲಿ.

ಇದಕ್ಕೆ ಉಪಾಯವೇ ಆ 'ಮಲ್ಟಿ'. ಉಪ್ಪುನೀರಿನ ಉತ್ತರ ಫ್ರೀಕ್ವೆನ್ಸಿಯ ಜೊತೆಗೆ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. 5ರಲ್ಲಿ ಒಂದು ಪಾಲಾದರೆ 40ರಲ್ಲಿ ಎಂಟು ಪಾಲು. ತಾಳಿಯ ಬಿಲ್ಲೆಯಂಥ ಸ್ವಲ್ಪ ಗಟ್ಟಿ ಲೋಹದ ಉತ್ತರ ಹಾಗೆ ಏರುವುದಿಲ್ಲ. ಒಂದು ಹಂತದ ನಂತರ ಅದರ ಏರಿಕೆ ನಿಧಾನವಾಗುತ್ತದೆ. ಯಂತ್ರ ಹಲವು ಫ್ರೀಕ್ವೆನ್ಸಿಗಳಲ್ಲಿ ಒಟ್ಟಿಗೆ ಕೇಳಿ, ಲೆಕ್ಕ ಹಾಕಿ, ಸಮಪ್ರಮಾಣದಲ್ಲಿ ಏರಿದ್ದನ್ನೆಲ್ಲ ಉಪ್ಪು ಎಂದು ಕಳೆದುಬಿಡುತ್ತದೆ. ಉಳಿದದ್ದು ಲೋಹ. ಈಕ್ವಿನಾಕ್ಸ್‌ನ ಬೀಚ್ ಮೋಡ್ ಮಾಡುವುದು ಇಂಥದೇ ಕೆಲಸವನ್ನು.

ಒದ್ದೆ ಮರಳಿನಲ್ಲಿ ದಾರ ಕಟ್ಟಿದ ಕರಿಮಣಿಯನ್ನು ಹೂತು ಬೀಚ್ ಮೋಡಿನಲ್ಲಿ ಪರೀಕ್ಷೆ ಮಾಡಿದೆವು. ತಾಳಿ ಕೇಳಿಸಿತು, ಒಣ ಮರಳಿನಷ್ಟು ಜೋರಾಗಿ ಅಲ್ಲದಿದ್ದರೂ ಸ್ಪಷ್ಟವಾಗಿ. ಸೆನ್ಸಿಟಿವಿಟಿಯನ್ನು ಎರಡು ಮೆಟ್ಟಿಲು ಇಳಿಸಿದಾಗ ಇನ್ನೂ ಸ್ಪಷ್ಟವಾಯಿತು. ಇದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಶಕ್ತಿ ಇಳಿಸಿದರೆ ಹೆಚ್ಚು ಕೇಳಿಸುವುದು ಹೇಗೆ? ಮದುವೆ ಮನೆಯಲ್ಲಿ ಮೈಕಿನ ಗದ್ದಲ ಇಳಿದರೆ ಪಕ್ಕದವರ ಮಾತು ಕೇಳಿಸುತ್ತದಲ್ಲ, ಹಾಗೆ.

ಇಷ್ಟಾದ ಮೇಲೆ ಗೋಪುರ ಕಟ್ಟಿದ್ದ ಜಾಗದ ಸುತ್ತ ಮರಳಿನಲ್ಲಿ ಗೆರೆ ಎಳೆದು, ಗದ್ದೆ ಉಳುವವರ ಹಾಗೆ ಸಾಲಿಗೆ ಸಾಲು ತಗುಲುವಂತೆ ನಡೆದೆ. ತಟ್ಟೆ ನೆಲಕ್ಕೆ ಸಮಾನಾಂತರವಾಗಿ, ತಾಗಿಯೂ ತಾಗದಂತೆ, ನಿಧಾನವಾಗಿ. ಸಿಗರೇಟಿನ ಬೆಳ್ಳಿ ಹಾಳೆ, ಪೆಪ್ಸಿ ಡಬ್ಬದ ಕಿವಿ, 50 ದಿರ್ಹಮಿನ ಒಂದು ನಾಣ್ಯ ಸಿಕ್ಕವು. ಬೆಳ್ಳಿ ಹಾಳೆ ಮತ್ತು ಡಬ್ಬದ ಕಿವಿಗೂ ಸಣ್ಣ ಚಿನ್ನಕ್ಕೂ ಯಂತ್ರದ ಪರದೆಯಲ್ಲಿ ಕಾಣುವ ಅಂಕಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಸ ಬೇಡ ಎಂದು ಅವನ್ನು ಯಂತ್ರದಲ್ಲಿ ತೆಗೆದುಹಾಕಿದರೆ ಉಂಗುರವೂ ಹೋದಂತೆಯೇ. ಚಿನ್ನ ಬೇಕೆಂದರೆ ಕಸವನ್ನೂ ಅಗೆಯಬೇಕು.

ಮೂರನೆಯ ಗಂಟೆಯ ಹೊತ್ತಿಗೆ ಒಂದು ಸಣ್ಣ ದನಿ ಬಂತು. ಎಡದಿಂದ ಬಲಕ್ಕೆ ಆಡಿಸಿದೆ, ಬಂತು. ಬಲದಿಂದ ಎಡಕ್ಕೆ, ಬಂತು. ನಾನು ತಿರುಗಿ ನಿಂತು ಅಡ್ಡಡ್ಡ ಆಡಿಸಿದೆ, ಆಗಲೂ ಬಂತು. ಉಪ್ಪಿನ ಸುಳ್ಳು ದನಿ ಹೀಗೆ ಮೂರು ಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಗೆಳೆಯ ಮೊಣಕಾಲೂರಿ ಕೈಯಲ್ಲೇ ಬಗೆದ. ನಾಲ್ಕು ಬೆರಳು ಆಳದಲ್ಲಿ ತಾಳಿ, ಅದಕ್ಕೆ ಅಂಟಿಕೊಂಡ ಗೇಣುದ್ದದ ಸರ.

ಉಳಿದ ಸರ? ಮಧ್ಯಾಹ್ನ ನೀರು ಏರುವವರೆಗೂ ಹುಡುಕಿದೆವು, ಸಿಗಲಿಲ್ಲ. ಯೋಚಿಸಿದರೆ ಆಶ್ಚರ್ಯವೂ ಇಲ್ಲ. ಆ ಪುಟ್ಟ ಕೊಂಡಿಗಳ ಉತ್ತರವೂ ಉಪ್ಪಿನಂತೆಯೇ ಸಮಪ್ರಮಾಣದಲ್ಲಿ ಏರುತ್ತದೆ. ಉಪ್ಪನ್ನು ಕಳೆಯುವ ಲೆಕ್ಕ ಅವುಗಳನ್ನೂ ಕಳೆದುಬಿಡುತ್ತದೆ. ತಾಳಿಯನ್ನು ಹುಡುಕಿಕೊಟ್ಟ ಸೆಟ್ಟಿಂಗೇ ಸರವನ್ನು ಮುಚ್ಚಿಟ್ಟಿತು. ಒಂದನ್ನು ಕೇಳಿಸಿಕೊಳ್ಳಲು ಇನ್ನೊಂದಕ್ಕೆ ಕಿವುಡಾಗಲೇಬೇಕು.

ನಾನು ತಪ್ಪಿತಸ್ಥನಂತೆ ಮುಖ ಮಾಡಿಕೊಂಡು ಅತ್ತಿಗೆಗೆ ಇದನ್ನೇ ಹೇಳಲು ಹೊರಟೆ. ಅವರು ತಾಳಿಯನ್ನು ಸೆರಗಿನಲ್ಲಿ ಒರೆಸಿ ಕಣ್ಣಿಗೊತ್ತಿಕೊಂಡು, "ಸರ ಅಂಗಡೀಲಿ ಸಿಗತ್ತೆ. ಇದು ಸಿಕ್ತಲ್ಲ, ಸಾಕು ನಂಗೆ" ಎಂದರು.

ಈ ಸುದ್ದಿ ನಮ್ಮ ಬಳಗದಲ್ಲಿ ಹಬ್ಬಿದ ಮೇಲೆ ನನಗೆ ಎರಡು ಪ್ರಶ್ನೆ ತಪ್ಪದೆ ಎದುರಾಗುತ್ತವೆ. ಮೊದಲನೆಯದು, "ಊರಿಗೆ ತಗೊಂಡು ಹೋಗಿ ಕೆಜಿಎಫ್‌ನಲ್ಲಿ ಹುಡುಕಬಾರದಾ?" ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಕಲ್ಲಿನಲ್ಲೂ ಕೊನೆಕೊನೆಗೆ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿತ್ತು, ಅದೂ ಕಲ್ಲಿನೊಳಗೆ ಧೂಳಿನಂತೆ ಹರಡಿಕೊಂಡು. ಅಂಥ ಧೂಳಿಗೆ 71 ಅಲ್ಲ, ಯಾವ ಕಿಲೋಹರ್ಟ್ಸೂ ಸಾಲದು. ಡಿಟೆಕ್ಟರಿಗೆ ಬೇಕಾದ್ದು ಗಟ್ಟಿ, ಧೂಳಲ್ಲ.

ಎರಡನೆಯದು, "ನಿಮ್ಮ ಕರಾವಳಿಯಲ್ಲಾದರೂ ಸುಲಭವಾ?" ನನ್ನೂರು ಕುಂದಾಪುರದ ಕಡೆ. ಅಂಗಳ ತುಂಬ ಕೆಂಪು ಮುರಕಲ್ಲು. ಬುಕಾನನ್ ಸಾಹೇಬ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಬಾರಿನಲ್ಲಿ ಕಂಡ ಇಂಥ ಕಲ್ಲಿಗೇ. ಚಿಕ್ಕಂದಿನಲ್ಲಿ ಹಾಳಾದ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ಆ ಮಣ್ಣಿನಲ್ಲಿ ಎಳೆದರೆ ಕಪ್ಪು ಪುಡಿ ಮೀಸೆಯಂತೆ ಅಂಟುತ್ತಿತ್ತು. ಅದು ಕಬ್ಬಿಣದ ಆಕ್ಸೈಡು. ಇಲ್ಲಿ ತೊಂದರೆ ಉಪ್ಪಲ್ಲ, ಕಾಂತತೆ. ನೆಲವೇ ಕಬ್ಬಿಣದ ದನಿಯಲ್ಲಿ ಗುಂಯ್‌ಗುಡುತ್ತದೆ. ಈ ದನಿ ಫ್ರೀಕ್ವೆನ್ಸಿ ಬದಲಿಸಿದರೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಮದ್ದೂ ಬೇರೆ: ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ 'ಗ್ರೌಂಡ್ ಬ್ಯಾಲೆನ್ಸ್' ಮಾಡಬೇಕು, ಸೆನ್ಸಿಟಿವಿಟಿ ಇಳಿಸಬೇಕು, ಚಿಕ್ಕ ತಟ್ಟೆ ಹಾಕಬೇಕು. ಚಿಕ್ಕ ತಟ್ಟೆ ಒಮ್ಮೆಗೆ ಕಡಿಮೆ ನೆಲ ನೋಡುತ್ತದೆ, ಗದ್ದಲವೂ ಕಡಿಮೆ.

ಕತಾರಿನ ನೆಲ ಇದಕ್ಕೆ ತದ್ವಿರುದ್ಧ. ಬಹುಪಾಲು ಸುಣ್ಣಕಲ್ಲು, ತೆಂಕಣದಲ್ಲಿ ಗಾಳಿ ತಂದ ಮರಳ ದಿಬ್ಬಗಳು. ಒಣಗಿದ್ದರೆ ಇಷ್ಟು ಮೌನವಾದ ನೆಲ ಸಿಗುವುದು ಕಷ್ಟ, ಅಲ್ಲಿ ಧೈರ್ಯವಾಗಿ ಹೆಚ್ಚಿನ ಫ್ರೀಕ್ವೆನ್ಸಿ ಇಡಬಹುದು. ಮೋಸ ಮಾಡುವುದು ಸಬ್ಖಾ. ದುಖಾನ್ ಮತ್ತು ಮೆಸಯೀದ್ ಕಡೆ ಹೋದವರು ನೋಡಿರುತ್ತೀರಿ, ಚಪ್ಪಟೆಯಾದ ಉಪ್ಪಿನ ಬಯಲು. ಮೇಲೆ ಒಣಗಿದ ಹಪ್ಪಳದಂತೆ ಕಂಡರೂ ಕೆಳಗೆ ಉಪ್ಪುನೀರು ಜಿನುಗುತ್ತಿರುತ್ತದೆ. ಕಣ್ಣಿಗೆ ಒಣ ನೆಲ, ಯಂತ್ರಕ್ಕೆ ಸಮುದ್ರ.

ಅಂದ ಹಾಗೆ, ಈ ಪಾಠ ಕಲಿತವರಲ್ಲಿ ನಾನು ಮೊದಲಿಗನಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡು ಹುಡುಕಲು ಇದೇ ತತ್ವದ ಯಂತ್ರ ಹಿಡಿದು ಬಂದವನು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್. ಮೊದಲೇ ಪರೀಕ್ಷಿಸಿದಾಗ ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತ್ತು. ಅಧ್ಯಕ್ಷರ ಮೇಲೆ ಮಾತ್ರ ಸೋತಿತು. ಹಾಸಿಗೆಯ ಒಳಗಿದ್ದ ಉಕ್ಕಿನ ಸ್ಪ್ರಿಂಗುಗಳು ದನಿ ಕೆಡಿಸಿದ್ದು ಒಂದು ಕಾರಣ. ವೈದ್ಯರು ದೇಹದ ಬಲಭಾಗ ಮಾತ್ರ ಹುಡುಕಲು ಬಿಟ್ಟಿದ್ದು ಇನ್ನೊಂದು. ಬೆಲ್‌ನಂಥವನೇ ಯಂತ್ರ ಬಲ್ಲವನಾಗಿದ್ದೂ ಅದರ ಕೆಳಗಿದ್ದ ಹಾಸಿಗೆಗೆ ಸೋತ ಮೇಲೆ ನಮ್ಮದೇನು ಬಿಡಿ!

ಕೊನೆಗೆ ಒಂದು ಎಚ್ಚರಿಕೆ. ಯಂತ್ರ ಕೈಗೆ ಬಂದರೆ 'ನಿಧಿ' ಎಂಬ ಹುಳ ತಲೆಗೆ ಹೊಕ್ಕೀತು. ಕತಾರಿನಲ್ಲಿ ಪ್ರಾಚ್ಯವಸ್ತುಗಳ ಬಗ್ಗೆ 1980ರ 2ನೇ ಕಾನೂನು ಇದೆ. 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ ಜುಬಾರಾದಂಥ ಜಾಗಗಳ ಹತ್ತಿರ ಇದನ್ನು ಹಿಡಿದು ಸುಳಿಯಲೇಬೇಡಿ. ಬೇರೆ ದೇಶದಿಂದ ಯಂತ್ರ ತರುವ ಮುನ್ನ ಕಸ್ಟಮ್ಸ್‌ನಲ್ಲಿ ವಿಚಾರಿಸಿ. ಊರಿನಲ್ಲೂ 1878ರಿಂದ ನಿಧಿ ಕಾಯಿದೆ ಇದೆ, ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕು. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ಕೆಡವಿದ್ದು ಯಾರಿಗೆ ನೆನಪಿಲ್ಲ? ಕಳೆದುಕೊಂಡವರ ವಸ್ತುವನ್ನು ಅವರಿಗೆ ಹುಡುಕಿಕೊಡುವುದು ಬೇರೆ, ಯಾರದೋ ಕಾಲದ್ದನ್ನು ನಮ್ಮದು ಮಾಡಿಕೊಳ್ಳಲು ಅಗೆಯುವುದು ಬೇರೆ.

ನಿಮಗೂ ಇಂಥ ಗಳಿಗೆ ಬಂದರೆ (ಬಾರದಿರಲಿ) ಮೊದಲು ಕಳೆದ ಜಾಗಕ್ಕೆ ಗುರುತು ಹಾಕಿ, ಯಾರೂ ತುಳಿಯದಂತೆ ನೋಡಿಕೊಳ್ಳಿ. ಆಮೇಲೆ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಕಳೆದದ್ದು ದಪ್ಪವೋ ತೆಳುವೋ? ನೆಲ ಒಣಗಿದ್ದೋ, ಉಪ್ಪೋ, ಕೆಂಪೋ? ಅಂಥದೇ ಇನ್ನೊಂದು ವಸ್ತುವಿಗೆ ದಾರ ಕಟ್ಟಿ ಅದೇ ನೆಲದಲ್ಲಿ ಇಟ್ಟು ನೋಡಿ. ಅದನ್ನು ಕೇಳಿಸುವ ಸೆಟ್ಟಿಂಗೇ ಸರಿಯಾದ ಸೆಟ್ಟಿಂಗ್, ಪುಸ್ತಕ ಏನೇ ಹೇಳಲಿ.

ಅತ್ತಿಗೆಯ ತಾಳಿ ಈಗ ಹೊಸ ಸರದಲ್ಲಿದೆ. ಮುಂದಿನ ಪಿಕ್ನಿಕ್ಕಿಗೆ ಅವರು ಹೊರಡುವ ಮುಂಚೆಯೇ ಕೊಕ್ಕೆಯನ್ನು ಎರಡೆರಡು ಸಲ ಎಳೆದು ನೋಡಿದರು. ಯಂತ್ರ ಅದರ ಒಡೆಯನಿಗೆ ವಾಪಸಾಗಿದೆ. ಜೊತೆಗೆ ಅವರೇ ಮಾಡಿ ಕಳಿಸಿದ ಒಂದು ಡಬ್ಬ ಮೈಸೂರುಪಾಕು!